ಮಾವನಿಗೆ ಸಿಗದ ವ್ಯಾನ್ ಪಾಸು

ಮನುಷ್ಯನಿಗೆ ಕೊನೆಗೆ ಉಳಿಯುವುದು ಅವನಾಡಿದ ಸತ್ಯವೊಂದೇ. ಇದನ್ನು ನಾನು ಕನ್ನಡ ಕೂಟದ ವೇದಿಕೆಯ ಮೇಲೆ ಗಂಭೀರವಾಗಿ ಸಾರಿದ ವರ್ಷವೇ, ಕಣ್ಣು ಕಾಣದ ನನ್ನ ಮಾವನಿಗೆ ಸಿಗಬೇಕಾಗಿದ್ದ ರಿಯಾಯಿತಿ ವ್ಯಾನಿನ ಪಾಸನ್ನು ಸುಳ್ಳು ಹೇಳಿ ತಪ್ಪಿಸಿದೆ.

ಎರಡು ಸಾವಿರದ ನಾಲ್ಕರ ಸುಮಾರು. ಗದಗಿನಲ್ಲಿ ದರ್ಜಿಯಾಗಿದ್ದ ಮಾವ, ಗ್ಲಾಕೋಮಾದಿಂದ ದೃಷ್ಟಿ ಹೋದ ಮೇಲೆ ಅಮೆರಿಕದ ನಾರ್‌ಕ್ರಾಸ್ ಊರಿನ ಹತ್ತಿರದ ನಮ್ಮ ಮನೆಗೆ ಬಂದಿದ್ದರು. ಹೆಣ್ಣು ಕೊಟ್ಟ ಮನೆಯಲ್ಲಿ ಅಳಿಯನನ್ನು ಏನೂ ಕೇಳಬಾರದು — ಇದು ಅವರ ನೇಮ. ಟೀ ಬೇಕಾದರೂ ಮಗಳು ಸುಧಾ ಆಫೀಸಿನಿಂದ ಬರಲಿ ಎಂದು ಕಾಯುವರು. ಒಮ್ಮೆ ಸುಧಾ ಅವರನ್ನು ಸೀರೆ ಅಂಗಡಿಯೊಂದಕ್ಕೆ ಕರೆದೊಯ್ದಳು. ಮಾಲೀಕ ಹುಬ್ಬಳ್ಳಿಯವನು. ಮಾವ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೂಲಿನ ಜಾತಕ ಹೇಳಿದ್ದು ನೋಡಿ, "ವಾರಕ್ಕೊಂದಿನ ಬಂದು ಕುಂದರ್ರಿ ಕಾಕಾ, ಮಾತಾಡಾಕ ನನಗೂ ಮಂದಿ ಬೇಕು" ಅಂದ. ಆ ವಾರವೆಲ್ಲ ಮಾವ ಮದುಮಗನಂತಿದ್ದರು.

ವಯಸ್ಸಾದವರಿಗೆ, ಅಂಗವಿಕಲರಿಗೆ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ವ್ಯಾನು ಮನೆ ಬಾಗಿಲಿಗೇ ಬರುತ್ತದೆ, ಚಾರ್ಜೂ ಕಡಿಮೆ ಎಂದು ಅವರಿಗೆ ಯಾರೋ ಹೇಳಿದರು. ಆಗ, ಮೊದಲ ಬಾರಿಗೆ, ನನ್ನನ್ನು ಒಂದು ಸಹಾಯ ಕೇಳಿದರು: ಕೌಂಟಿ ಆಫೀಸಿಗೆ ಬಂದು ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಅಷ್ಟೇ.

ಆದರೆ ನಾನು ಕೂಟದ ಉಪಾಧ್ಯಕ್ಷ! ಗರಾಜಿನಲ್ಲಿ ಎರಡು ಕಾರು. ನಮ್ಮ ಮನೆ ಮುಂದೆ ಸರ್ಕಾರಿ ವ್ಯಾನು ನಿಂತರೆ ಕೂಟದ ಪಾಟ್‌ಲಕ್ ಊಟದಲ್ಲಿ ಜನ ಏನೆಂದಾರು —

ಆಫೀಸಿನ ಹೆಂಗಸು ಕೇಳಿದಳು: ಇವರು ಒಬ್ಬರೇ ಸ್ಟಾಪಿಗೆ ಹೋಗಿ, ನಂಬರ್ ನೋಡಿ ಬಸ್ಸು ಹತ್ತಬಲ್ಲರಾ?

"ನಂಬರ್ ಹೋಗ್ಲಿ, ಎದುರಿಗೆ ನಿಂತ ಬಸ್ಸೂ ಕಾಣೂದಿಲ್ಲಂತ ಹೇಳ್ರಿ ಅಳಿಯಂದ್ರ. ಅದರಾಗೇನು ನಾಚಿಕಿ?" ಅಂದರು ಮಾವ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಕಣ್ಣು ಸ್ವಲ್ಪ ಮಂಜು ಅಷ್ಟೇ, ಆರಾಮಾಗಿ ಹತ್ತುತ್ತಾರೆ. ಹಾಗೂ ಬೇಕೆಂದಾಗ ನಾವೇ ಕಾರಿನಲ್ಲಿ ಕರೆದೊಯ್ಯುತ್ತೇವೆ."

ಅವಳಿಗೆ ಬಹಳ ಸಂತೋಷವಾಯಿತು.

"ಏನಂದ್ಲು?"

"ನೀವು ಅದೃಷ್ಟವಂತರಂತೆ, ಮಾವ."

ಅಂದು ನಾನು ಯಥಾವತ್ತಾಗಿ ಅನುವಾದಿಸಿದ ವಾಕ್ಯ ಅದೊಂದೇ.

ಪಾಸು ಮಂಜೂರಾಗಲಿಲ್ಲ. "ಇರ್ಲಿ ಬಿಡ್ರಿ, ನನಗಿಂತ ಕಷ್ಟದಾಗ ಇರೋರು ಭಾಳ ಮಂದಿ ಇರ್ತಾರ" ಎಂದು ಮಾವ ಕೌಂಟಿಯನ್ನು ಕ್ಷಮಿಸಿದರು. ಮೇಲ್ಮನವಿಗೆ ಅವಕಾಶವಿತ್ತು — ಅದನ್ನೂ ನಾನು ಹೇಳಲಿಲ್ಲ. ಇನ್ನು ಕಾರಿನ ಮಾತು. ಶನಿವಾರ ಕ್ರಿಕೆಟ್ಟು, ಭಾನುವಾರ ಕಮಿಟಿ. ಉಳಿದ ದಿನ ದಣಿವು. ಸುಧಾಳಿಗೆ ವಾರಾಂತ್ಯದಲ್ಲೂ ಆಫೀಸು. ಅವರಾಗಿ ಎಂದೂ ಕೇಳುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಧೈರ್ಯದ ಮೇಲೇ ಅಲ್ಲವೇ ನಾನು ಆ ಹೆಂಗಸಿಗೆ ಮಾತು ಕೊಟ್ಟದ್ದು?

ಸುಧಾ, ಅಪ್ಪನ ನೆನಪಾದಾಗಲೆಲ್ಲ ನೀನು ಇವತ್ತಿಗೂ ಕೌಂಟಿಯವರನ್ನು ಬೈಯುತ್ತೀಯ. ಪಕ್ಕದಲ್ಲಿ ಕೂತು ನಾನೂ ತಲೆಯಾಡಿಸಿದ್ದೇನೆ. ಅವರದೇನೂ ತಪ್ಪಿಲ್ಲ. ಅವರು ಕೇಳಬೇಕಾದ್ದನ್ನೇ ಕೇಳಿದರು. ನಿನ್ನಪ್ಪ ಹೇಳಬೇಕಾದ್ದನ್ನೇ ಹೇಳಿದರು. ನಡುವೆ ಇದ್ದವನು ನಾನೊಬ್ಬನೇ.

ಮಾವ ಎರಡು ವರ್ಷ ನಮ್ಮ ಜೊತೆಗಿದ್ದು ಗದಗಿಗೆ ಮರಳಿದರು. ಆ ಎರಡು ವರ್ಷದಲ್ಲಿ ಆ ಸೀರೆ ಅಂಗಡಿಗೆ ಮತ್ತೆ ಹೋಗಲಿಲ್ಲ.