ಜಗಲಿಯಿಂದ ಜಗಲಿಗೆ

ಕುಂಬಳೆ ಸ್ಟೇಷನ್ನಿನಲ್ಲಿ ಇಳಿದು ಮೊಬೈಲಿನಲ್ಲಿ ತವರುಮನೆಯ ದಾರಿ ಹಾಕಿದೆ. ಹೆದ್ದಾರಿ ಅಗಲವಾದ ಮೇಲೆ ನನಗೆ ಊರಿನ ಗುರುತೇ ಸಿಗುವುದಿಲ್ಲ. ಮೀನು ಮಾರ್ಕೆಟ್ಟಿನ ಹಿಂದಿನ ಓಣಿ ಅಪಾಯವೆಂದು ಮೊಬೈಲಿನ ಮ್ಯಾಪು ನನ್ನನ್ನು ಹೆದ್ದಾರಿಯ ಅಂಚಿಗೆ ಕಳಿಸಿತು. ಲಾರಿಗಳು ಸೆರಗು ಸವರಿಕೊಂಡು ಹೋದವು. ಇದು ಸುರಕ್ಷಿತ ದಾರಿಯಂತೆ.

ಶಾಲೆಯಿಂದ ತಡವಾದ ದಿನ ನಾನು ಬರುತ್ತಿದ್ದುದು ಆ ಓಣಿಯಲ್ಲೇ. ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಕೈ ನಿಲ್ಲಿಸದೆ, "ಮಗು ಬರ್ತಾ ಉಂಟು, ನೋಡಿಕೊಳ್ಳಿ" ಎಂದು ಮುಂದಿನ ಜಗಲಿಗೆ ಕೂಗುತ್ತಿದ್ದರು. ಆ ಕೂಗು ನನಗಿಂತ ಮೊದಲೇ ಮನೆ ಮುಟ್ಟುತ್ತಿತ್ತು. ಅಮ್ಮ ಚಾಕ್ಕೆ ನೀರಿಟ್ಟಿರುತ್ತಿದ್ದಳು.

ಮೊಬೈಲನ್ನು ಚೀಲಕ್ಕೆ ಹಾಕಿ ಓಣಿಗೆ ತಿರುಗಿದೆ. ಈಗ ಅಲ್ಲಿ ಬೀಡಿ ಕಟ್ಟುವವರಿಲ್ಲ, ಜಗಲಿಗಳಿಗೆಲ್ಲ ಗ್ರಿಲ್ಲು ಬಂದಿದೆ. ಒಂದು ಗ್ರಿಲ್ಲಿನ ಹಿಂದಿನಿಂದ ಮುದುಕಿಯೊಬ್ಬಳ ದನಿ ಕೇಳಿತು: "ಎಂತ ಮಗು, ಇವತ್ತು ಇಷ್ಟು ತಡ?"