ಮೀಸೆಯ ಅಕ್ಕೋರು

ಒಂದನೇ ತರಗತಿಯ ಮಕ್ಕಳೆಲ್ಲ ಓಡಿ ಬಂದು ನನ್ನ ವ್ಯಾನಿನೊಳಗೆ ನುಗ್ಗಿದರು. ಬಾಗಿಲು ಎಳೆದುಕೊಂಡು ಒಳಗಿನಿಂದ ಲಾಕ್ ಹಾಕಿಕೊಂಡರು. ಚಾವಿಯೂ ಒಳಗೇ ಇತ್ತು.

ನಾನು ಗಾಜು ಒರೆಸುವ ಬಟ್ಟೆ ಹಿಡಿದು ಹೊರಗೆ ನಿಂತಿದ್ದೆ.

ಮಕ್ಕಳ ಹಿಂದೆಯೇ ಏದುಸಿರು ಬಿಡುತ್ತಾ ಓಡಿ ಬಂದವರು ಹೊಸ ಸರ್. ಆ ಶಾಲೆಯಲ್ಲಿ ಅವರಿಗೆ ಅದು ಮೊದಲ ದಿನ.

ನಾನು ದಿನಾ ರಾಣೆಬೆನ್ನೂರಿನಿಂದ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಅಕ್ಕೋರನ್ನು ಕರೆದುಕೊಂಡು ಹೋಗುತ್ತೇನೆ. ನಮ್ಮ ಕಡೆ ಟೀಚರಮ್ಮಂದಿರಿಗೆ ಅಕ್ಕೋರು ಅನ್ನುತ್ತೇವೆ. ಆ ಶಾಲೆಯಲ್ಲಿ ಹೆಡ್‌ಮಿಸ್ ಆಗಿರುವ ದೊಡ್ಡ ಅಕ್ಕೋರಿಂದ ಹಿಡಿದು ಬಿಸಿಯೂಟ ಮಾಡುವವರ ತನಕ ಎಲ್ಲರೂ ಹೆಣ್ಣುಮಕ್ಕಳೇ.

ನಾನು ಓದಿದ್ದು ಏಳನೇತ್ತದ, ಅಂದರೆ ಏಳನೇ ತರಗತಿಯ, ತನಕ. ಆಗ ನಮಗೆ ಎಲ್ಲರೂ ಮಾಸ್ತರರೇ, ಅವರ ಜೊತೆ ಅವರ ಬೆತ್ತ. ಈಗ ಪೂರ್ತಿ ಉಲ್ಟಾ ಆಗಿದೆ.

ಎಷ್ಟು ಉಲ್ಟಾ ಅಂದರೆ, ದೊಡ್ಡವರಾದ ಮೇಲೆ ಏನಾಗುತ್ತೀರಿ ಅಂತ ಕೇಳಿದರೆ ಅಲ್ಲಿನ ಹುಡುಗಿಯರು ಅಕ್ಕೋರು ಅನ್ನುತ್ತಾರೆ, ಹುಡುಗರು ವ್ಯಾನ್ ಡ್ರೈವರ್ ಅನ್ನುತ್ತಾರೆ. ದಿನಾ ತಪ್ಪದೆ ಶಾಲೆಗೆ ಬರುವ ಗಂಡಸು ನಾನೊಬ್ಬನೇ ನೋಡಿ! ಯಾರ ಮುಂದೆಯೂ ಹೇಳಿಕೊಂಡಿಲ್ಲ, ಆದರೆ ಒಳಗೊಳಗೇ ಬಹಳ ಖುಷಿಯಿತ್ತು...

ವ್ಯಾನಿಗೂ ಒಂದು ಪದ್ಧತಿ ಇದೆ. ಹಿಂದೆ ಅಕ್ಕೋರು, ಮುಂದಿನ ಸೀಟಿನಲ್ಲಿ ಅವರ ಸಾಮಾನು. ಬಸ್ ಸ್ಟ್ಯಾಂಡ್ ಹತ್ತಿರ ಮೆಂತ್ಯ ಪಲ್ಲೆ ಕೊಂಡು ಹತ್ತಿದರೆ, ಶಾಲೆ ಬರುವಷ್ಟರಲ್ಲಿ ಎಲೆ ಬಿಡಿಸಿ, ಸಂಜೆಯ ಅಡುಗೆಗೆ ತಯಾರಿ ಮುಗಿದಿರುತ್ತದೆ.

ಅವತ್ತು ಬೆಳಿಗ್ಗೆ ಸಾಮಾನಿನ ಸೀಟಿನಲ್ಲಿ ಸರ್ ಕೂತರು. ದಪ್ಪ ಮೀಸೆ, ತೊಡೆಯ ಮೇಲೆ ದೊಡ್ಡ ಕಪ್ಪು ಬ್ಯಾಗು. ಮಾತು ಮಾತ್ರ ನನ್ನ ಹಾಗೆಯೇ ಕಡಿಮೆ. ವರ್ಷಗಟ್ಟಲೆ ದೂರದ ಜಿಲ್ಲೆಯಲ್ಲಿದ್ದು ಈಗಷ್ಟೇ ಊರ ಹತ್ತಿರ ಬಂದಿದ್ದೇನೆ, ಹೆಂಡತಿಗೆ ಹಾವೇರಿಯಲ್ಲಿ ಕೆಲಸ, ಮನೆಯಲ್ಲಿ ಕೂಸು ಇದೆ ಅಂತ ಮೆಲ್ಲಗೆ ಹೇಳಿದರು.

"ಸರ್, ನಿಮ್ಮ ಬ್ಯಾಗಿನ್ಯಾಗ ಜಾಗ ಐತೇನ್ರಿ?" ಅಂತ ಹಿಂದಿನಿಂದ ರೇಣುಕಾ ಅಕ್ಕೋರು ಕೇಳಿದರು.

ಸರ್ ಇಲ್ಲ ಅನ್ನಲಿಲ್ಲ. ಆಮೇಲೆ ಒಂದೊಂದೇ ಮುಂದೆ ಬಂತು. ಬಿಡಿಸಿದ ಪಲ್ಲೆ, ಹಳ್ಳಿಯ ಟೇಲರಮ್ಮನಿಗೆ ಕೊಡಬೇಕಾದ ಬ್ಲೌಸ್ ಪೀಸು, ಬಾಚಣಿಕೆ, ಹೇರ್‌ಪಿನ್ ಡಬ್ಬಿ, ಎಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆ... ಇಳಿಯುವಾಗ ಪ್ರಾರ್ಥನೆಯ ಗಂಟೆ ಹೊಡೆದಿತ್ತು. ಗಡಿಬಿಡಿಯಲ್ಲಿ ಯಾರೂ ಏನೂ ವಾಪಸ್ ತೆಗೆದುಕೊಳ್ಳಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ದೊಡ್ಡ ಅಕ್ಕೋರು ಹೇಳಿದರು: "ಸರ್, ಖಾಲಿ ಇರೋದು ಒಂದನೇತ್ತ ಅಷ್ಟ. ಸಣ್ಣ ಹುಡ್ರು ನಿಮ್ಮ ಕೂಡ ಕುಂತ್ರ ಚಲೋ. ಇಲ್ಲಂದ್ರ ನಿಮ್ಮನ್ನ ಬ್ಯಾರೆ ಕಡೆ ಕಳಸ್ರಿ ಅಂತ ಆಫೀಸಿಗೆ ಬರೀಬೇಕಾಕ್ಕೇತಿ."

ಸರ್ ಮುಖ ಸಣ್ಣದಾಯಿತು.

ಆ ಪುಟ್ಟ ಮಕ್ಕಳು ಬ್ಯಾಗ್ ಹಿಡಿದು ಒಳಗೆ ಬಂದ ಗಂಡಸನ್ನು ನೋಡಿದ್ದು ಒಮ್ಮೆ ಮಾತ್ರ, ಅಂಗನವಾಡಿಯಲ್ಲಿದ್ದಾಗ. ಅವನು ಎಲ್ಲರಿಗೂ ಸೂಜಿ ಚುಚ್ಚಿ ಹೋಗಿದ್ದ. ಈಗ ಸರ್ ಬ್ಯಾಗ್ ಹಿಡಿದು ಕ್ಲಾಸಿನ ಬಾಗಿಲಲ್ಲಿ ನಿಂತು, ಪ್ರೀತಿಯಿಂದಲೇ, "ಹೆದರಬ್ಯಾಡ್ರಿ, ಏನೂ ಆಗಂಗಿಲ್ಲ" ಅಂದರು.

ಸೂಜಿಯವನೂ ಮೊದಲು ಇದನ್ನೇ ಅಂದಿದ್ದನಂತೆ!

ಅಷ್ಟೇ. ಇಡೀ ಕ್ಲಾಸು ನನ್ನ ವ್ಯಾನಿನಲ್ಲಿ. ನನ್ನ ಸೀಟಿನಲ್ಲಿ ಈರಣ್ಣ ಅನ್ನುವ ಹುಡುಗ ಸ್ಟಿಯರಿಂಗ್ ಹಿಡಿದು ಹಾರ್ನ್ ಹೊಡೆಯುತ್ತಿದ್ದ.

ಬೆರಳಷ್ಟೇ ಇಳಿಸಿದ ಕಿಟಕಿಯಿಂದ ಗಿರಿಜಾ ಅನ್ನುವ ಹುಡುಗಿ ಷರತ್ತು ಹಾಕಿದಳು. "ಮಾಮಾ, ಆ ಸೂಜಿಯಂವನ್ನ ಕಳಸು. ಆಮ್ಯಾಲ ಬಾಗಲಾ ತಗೀತೇವಿ."

"ಯವ್ವಾ, ನಾ ಸೂಜಿಯಂವ ಅಲ್ಲ. ನಿಮಗ ಪಾಠ ಹೇಳಾಕ ಬಂದೇನಿ," ಅಂದರು ಸರ್.

"ಸುಳ್ಳ! ಪಾಠ ಅಕ್ಕೋರು ಹೇಳ್ತಾರ. ಗಂಡಸರಿಗೆ ಬರಂಗಿಲ್ಲ!"

ಹಾರ್ನ್ ಕೇಳಿ ದೊಡ್ಡ ಅಕ್ಕೋರು ಕಟ್ಟೆಯ ಮೇಲೆ ಬಂದು ನಿಂತರು. "ಹೆಂಗ್ರಿ ಸರ್, ಆಫೀಸಿಗೆ ಬರೀಲೇನು?"

ಸರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಷ್ಟು ಜನರ ಮುಂದೆ ಮಾತಾಡಿ ನನಗೆ ರೂಢಿಯಿಲ್ಲ. ಕೊನೆಗೆ ಹೇಗೋ ಅಂದೆ, "ಸರ್, ಬ್ಯಾಗಿನ್ಯಾಗ ಸೂಜಿ ಇಲ್ಲಂತ ತೆಗದು ತೋರಸ್ರಿ."

ನನ್ನ ಒರೆಸುವ ಬಟ್ಟೆಯನ್ನು ನೆಲಕ್ಕೆ ಹಾಸಿ ಸರ್ ಬ್ಯಾಗಿಗೆ ಕೈ ಹಾಕಿದರು. ಮೊದಲು ಬಂದದ್ದು ಮೆಂತ್ಯ ಪಲ್ಲೆ. ಆಮೇಲೆ ಬ್ಲೌಸ್ ಪೀಸು. ಬಾಚಣಿಕೆ. ಹೇರ್‌ಪಿನ್. ಮಲ್ಲಿಗೆ ಮಾಲೆ ಹೊರಗೆ ಬರುವಷ್ಟರಲ್ಲಿ ಸರ್ ಕಿವಿ ಕೆಂಪಾಗಿತ್ತು.

ಮಕ್ಕಳ ಮೂಗುಗಳೆಲ್ಲ ಗಾಜಿಗೆ ಅಂಟಿಕೊಂಡಿದ್ದವು. ಹಾರ್ನ್ ನಿಂತಿತು.

ಈರಣ್ಣ ಎಲ್ಲವನ್ನೂ ಬಗ್ಗಿ ನೋಡಿ ತೀರ್ಪು ಕೊಟ್ಟ. "ಏ, ಹೂವು ಅದಾವು, ಪಲ್ಲೆ ಐತಿ... ಇವ್ರೂ ಅಕ್ಕೋರ ಅದಾರಲೇ!"

ಟಕ್ ಅಂತ ಲಾಕ್ ತೆರೆಯಿತು.

ದೊಡ್ಡ ಅಕ್ಕೋರು ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರು. ಮೂರನೇ ತರಗತಿಯ ಕಿಟಕಿಯಿಂದ ರೇಣುಕಾ ಅಕ್ಕೋರು ಕೂಗಿದರು, "ಸರ್, ಆ ಹೊಲಸ ಬಟ್ಟಿ ಮ್ಯಾಲ ಪಲ್ಲೆ ಇಡಬ್ಯಾಡ್ರಿ!"

ಆಫೀಸಿಗೆ ಯಾರೂ ಏನೂ ಬರೆಯಲಿಲ್ಲ. ಸರ್ ಈಗಲೂ ಒಂದನೇತ್ತಕ್ಕೇ ಇದ್ದಾರೆ. ಮಕ್ಕಳು ಅವರನ್ನು ಅಕ್ಕೋರ ಅಂತಲೇ ಕರೆಯುತ್ತಾರೆ, ಅವರೂ ಓ ಅನ್ನುತ್ತಾರೆ. ಬರುವ ದಾರಿಯಲ್ಲಿ ಬಿಡಿಸಲು ಅವರ ಪಾಲಿಗೂ ಒಂದು ಕಟ್ಟು ಪಲ್ಲೆ ಬರುತ್ತದೆ. "ಸರ್, ಎಲಿ ಒಗದು ಬರೇ ದಂಟ ಉಳಿಸೀರಲ್ರಿ," ಅಂತ ಹಿಂದಿನಿಂದ ಬೈಸಿಕೊಳ್ಳುತ್ತಾರೆ.

ಎಲ್ಲಾ ಚೆನ್ನಾಗಿದೆ. ಆದರೆ ಮೊನ್ನೆ ದೊಡ್ಡ ಅಕ್ಕೋರು ಒಂದನೇತ್ತಕ್ಕೆ ಬಂದು, ಯಾರ‍್ಯಾರು ಏನಾಗುತ್ತೀರಿ ಅಂತ ಕೇಳಿದರು. ನಾನು ಕಿಟಕಿಯ ಹೊರಗೇ ಇದ್ದೆ. ನನ್ನ ಸ್ಟಿಯರಿಂಗ್ ಹಿಡಿದಿದ್ದ ಈರಣ್ಣ ಮೊದಲು ಎದ್ದು ನಿಂತ. ನಾನು ಕಾಲರ್ ಸರಿ ಮಾಡಿಕೊಂಡೆ.

"ನಾ ಮೀಸಿ ಬಿಟ್ಟು ಅಕ್ಕೋರು ಆಕ್ಕೇನ್ರಿ!"

ನನ್ನ ಕಡೆ ತಿರುಗಿಯೂ ನೋಡಲಿಲ್ಲ ಮಗ...

ಖರೇ ಹೇಳಿ, ನಿಮಗೆ ಒಂದನೇತ್ತದಲ್ಲಿ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅಕ್ಕೋರಾ, ಮಾಸ್ತರಾ?