ನೀಲಾ ಆರಿಸಿದ ಮೊಟ್ಟೆ

ಕಾಡುಗೋಡಿ ಮಾರುಕಟ್ಟೆಯಲ್ಲಿ ಇವತ್ತು ಬೆಳಿಗ್ಗೆ ತೌಡಿನ ಮೂಟೆ ಬಿಚ್ಚುತ್ತಿದ್ದರು. ಆ ಘಮ ಮೂಗಿಗೆ ತಗುಲಿದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ತೌಡಿಗೆ ಮನಸೋಲುವ ಮನುಷ್ಯನನ್ನು ನೀವು ಕಂಡಿರಲಾರಿರಿ. ಕಾರಣ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಮಗಳು ನೀಲಾಳ ಆರನೆಯ ಹುಟ್ಟುಹಬ್ಬಕ್ಕೆ ಒಂದು ಪ್ರಾಣಿ ಕೊಡಿಸುವುದಾಗಿ ಮಾತು ಕೊಟ್ಟಿದ್ದೆ. ಆಫೀಸಿನಲ್ಲಿ ಸಾಫ್ಟ್‌ವೇರ್‌ನ ತಪ್ಪು ಹುಡುಕುವವನು ನಾನು. ಇದಕ್ಕೂ ಎಕ್ಸೆಲ್ ಶೀಟ್ ಮಾಡಿದ್ದೆ. ನಾಯಿಗೆ ಎಷ್ಟು ಅಂಕ, ಮೀನಿಗೆ ಎಷ್ಟು, ಮೊಲಕ್ಕೆ ಎಷ್ಟು ಅಂತ. ಮಗು ಮಾತ್ರ ಜಿಗಿಯುವ, ನೆಕ್ಕುವ ಯಾವುದನ್ನು ಕಂಡರೂ ಹೆದರಿ ನನ್ನ ಕಾಲು ತಬ್ಬಿಕೊಳ್ಳುತ್ತಿತ್ತು. ಮೂರು ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದೆವು.

ನಾವಿರುವುದು ಮುನಿಯಕ್ಕನ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಕಾಡುಗೋಡಿ ಇನ್ನೂ ಹಳ್ಳಿಯಾಗಿದ್ದ ಕಾಲದವರು ಅವರು. ಸುತ್ತ ಕಟ್ಟಡಗಳೆದ್ದರೂ ಹಿತ್ತಲಲ್ಲಿ ಕೋಳಿ ಸಾಕುವುದನ್ನು ಬಿಟ್ಟಿಲ್ಲ. ಹುಟ್ಟುಹಬ್ಬದ ಬೆಳಿಗ್ಗೆ, ಕಾವು ಮುಗಿಸಿದ ಕೋಳಿ ಒಂಬತ್ತು ಮರಿ ಕರೆದುಕೊಂಡು ಎದ್ದುಹೋಗಿತ್ತು. ತೌಡು ತುಂಬಿದ ಬುಟ್ಟಿಯಲ್ಲಿ ಒಂದೇ ಒಂದು ಮೊಟ್ಟೆ ಉಳಿದಿತ್ತು.

"ಅದು ಕೆಟ್ಟೋಗೈತೆ ಸಾರ್, ಎಸ್ದುಬುಡ್ತೀನಿ. ಮರಿ ಯಾವ್ದಾದ್ರೂ ತಗೊಳ್ಳವ್ವ," ಎಂದರು ಮುನಿಯಕ್ಕ.

ನೀಲಾ ಮರಿಗಳತ್ತ ನೋಡಲೇ ಇಲ್ಲ. ಮೊಟ್ಟೆಯನ್ನೆತ್ತಿ ಕಿವಿಗೆ ಹಿಡಿದು, ಉಸಿರು ಬಿಗಿಹಿಡಿದು ನಿಂತಳು.

"ಅಪ್ಪಾ, ಒಳಗಡೆ ಯಾರೋ ಇದ್ದಾರೆ. ನಂಗೆ ಇದೇ ಬೇಕು."

ನಾನೂ ಕಿವಿಗೊಟ್ಟೆ. ಮೊದಲು ತೌಡಿನ ಘಮ ಮೂಗಿಗೆ ಬಡಿಯಿತು. ಚಿಪ್ಪಿನಾಚೆ, ಬಹು ದೂರದಿಂದೆಂಬಂತೆ, ಸಣ್ಣಗೆ "ಚಿಂವ್" ಎಂದಿತು. ಇನ್ನೂ ಹುಟ್ಟಿಯೇ ಇಲ್ಲ, ಆಗಲೇ ಕರೆಯುತ್ತಿದೆ!

ಕೋಳಿ ಮತ್ತೆ ಕಾವಿಗೆ ಕೂರಲು ಒಪ್ಪಲಿಲ್ಲ. ಬುಟ್ಟಿಯನ್ನು ಮೇಲೆ ತಂದು ಬಲ್ಬಿನ ಕೆಳಗಿಡುವುದೊಂದೇ ದಾರಿ. ಆದರೆ ಮನೆಯಲ್ಲಿ ನನ್ನ ಅವ್ವ ಇದ್ದಳು. ಹಾವೇರಿ ಕಡೆಯವಳು, ಲಿಂಗಪೂಜೆಯಾಗದೆ ನೀರೂ ಕುಡಿಯದವಳು, ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮೊಟ್ಟೆ ಮುಟ್ಟದವಳು.

"ತತ್ತಿ ಒಳಗ ತರಬ್ಯಾಡ," ಎಂದು ಬಾಗಿಲಲ್ಲೇ ತಡೆದಳು.

ಹೊರಗಿನ ಮೆಟ್ಟಿಲ ಮೇಲೆ ಬುಟ್ಟಿಯಿಟ್ಟು, ತಂತಿ ಎಳೆದು ಬಲ್ಬು ಹಾಕಿದೆ. ಅರ್ಧ ಗಂಟೆಯಾಗುವುದರೊಳಗೆ ಕರೆಂಟು ಹೋಯಿತು. ಮೊಟ್ಟೆ ತಣ್ಣಗಾಗತೊಡಗಿತು. ಒಳಗಿನ ಸದ್ದೂ ಕುಗ್ಗಿತು. ನಾನು ಫೋನಿನಲ್ಲಿ ಉಪಾಯ ಹುಡುಕುತ್ತ ಬೆವರಿದೆ. ನೀಲಾ ಅಳಲಿಲ್ಲ. ಮೊಟ್ಟೆ ತೆಗೆದುಕೊಂಡು ನೇರ ಅಜ್ಜಿಯ ಮುಂದೆ ಹೋದಳು.

"ಅಜ್ಜಿ, ಒಂದ್ಸಲ ಕೇಳು. ಅಷ್ಟೇ."

ಅವ್ವ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ಆಮೇಲೆ ಬಾಗಿ ಕಿವಿಯಿಟ್ಟಳು.

"ಜೀವ ಕೂಗಾಕತ್ತೈತವ್ವಾ! ತಾ ಇಲ್ಲೆ," ಎಂದವಳೇ ಅದನ್ನು ಸೆರಗಿನಲ್ಲಿ ಸುತ್ತಿ, ಕೊರಳಲ್ಲಿ ತೂಗುವ ಲಿಂಗದ ಕರಡಿಗೆಯ ಪಕ್ಕ ಎದೆಗವುಚಿಕೊಂಡು ಕೂತಳು. ಕರೆಂಟು ಬಂದರೂ ಕೊಡಲಿಲ್ಲ. ಊಟಕ್ಕೂ ಏಳಲಿಲ್ಲ.

ಸಂಜೆ ಚಿಪ್ಪು ಬಿರಿಯಿತು. ಒದ್ದೆಯಾದ, ನಡುಗುವ ಒಂದು ಜೀವ ಅವ್ವನ ಅಂಗೈಗೆ ಉರುಳಿತು. ಅವಳು ಸೆರಗಿನ ತುದಿಯಿಂದ ಅದರ ಮೈ ಒರೆಸಿದಳು. ನೀಲಾ ಹೆದರದೆ ಬೆರಳು ಚಾಚಿ ಅದರ ಬೆನ್ನು ಮುಟ್ಟಿದಳು. ನಾನು ಅಂಕ ಹಾಕಿದ್ದ ಆ ಶೀಟನ್ನು ಅಳಿಸಿಹಾಕಿದೆ.

ಆ ಮರಿ ಬೆಳೆದು ಈಗ ತಾನೂ ಕಾವಿಗೆ ಕೂತಿದೆ. ಮಾರುಕಟ್ಟೆಯಿಂದ ಮರಳಿದಾಗ ಅವ್ವ, ಮುನಿಯಕ್ಕ, ನೀಲಾ ಮೂವರೂ ಹಿತ್ತಲಲ್ಲಿ ಅದರ ಬುಟ್ಟಿಗೆ ಕಿವಿಗೊಟ್ಟು ಕುಕ್ಕರುಗಾಲಲ್ಲಿ ಕೂತಿದ್ದರು. ಹಿತ್ತಲಿಗೆ ಯಾರೂ ಚಪ್ಪಲಿ ಬಿಟ್ಟು ಹೋಗುವುದಿಲ್ಲ. ನಾನು ಬಿಟ್ಟು ಹೋದೆ.